ಎರಡು ಕೀಲಿಯ ವಿಳಾಸಪಟ್ಟಿ

ನಮ್ಮ ಕಾಕಾನ ಹತ್ತಿರ ನಿಮ್ಮ ಮನೆಯ ವಿಳಾಸ ಇರುವ ಸಾಧ್ಯತೆ ಬಹಳ. ಹೆದರಬೇಡಿ! ಸ್ವತಃ ನೀವೇ ಬಂದು ಕೇಳಿದರೂ ಅವನು ಕೊಡುವುದಿಲ್ಲ.

ಬಣ್ಣ ಹಚ್ಚಿ ಹೇಳುತ್ತಿದ್ದೇನೆ ಅಂದುಕೊಂಡಿರಾ? ಹಿಂದೊಮ್ಮೆ ಶಿರಹಟ್ಟಿ ಕಡೆಯ ಒಬ್ಬ ಹಿರಿಯರು ನಮ್ಮ ಅಂಗಡಿಗೇ ಬಂದಿದ್ದರು. ಸಹಕಾರಿ ಸೊಸೈಟಿಯ ನೋಟಿಸು ತಮಗೆ ಮುಟ್ಟಿಲ್ಲ, ಪಟ್ಟಿಯಲ್ಲಿ ತಮ್ಮ ವಿಳಾಸ ಹೇಗಿದೆ ತೋರಿಸಿ ಎಂದರು.

"ನೀವು ನೀವ ಅನ್ನಾಕ ಏನ್ ದಾಖಲಾ ಐತ್ರಿ?" ಎಂದ ಕಾಕಾ.

ಹಿರಿಯರು ಪಾಪ, ಆಧಾರ್ ಕಾರ್ಡು ತೆಗೆದು ಕೊಟ್ಟರು. ಕಾಕಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮರಳಿ ಅವರ ಕೈಗೇ ಇಟ್ಟ.

"ನಿಮ್ಮ ವಿಳಾಸ ಇದರಾಗ ಬರದೈತಲ್ರಿ! ಮತ್ತ ನನ್ನ ಯಾಕ ಕೇಳ್ತೀರಿ?"

ಅವರು ಹೋದ ಮೇಲೆ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಬಿದ್ದು ಬಿದ್ದು ನಕ್ಕಳು. ಚಿಗವ್ವನಿಗೆ ನಗು ಬಂದರೆ ಬಾಯಿಯೊಂದೇ ಸಾಲುವುದಿಲ್ಲ. ಪಕ್ಕದಲ್ಲಿ ಯಾರು ಕೂತಿದ್ದಾರೋ ಅವರ ಬೆನ್ನಿಗೆ ಗುದ್ದುತ್ತಾಳೆ. ಮದುವೆಯಾದಾಗಿನಿಂದ ಪಕ್ಕದಲ್ಲಿ ಕೂತಿರುವವನು ಕಾಕಾ. ಅವನ ಬೆನ್ನು ಹೇಗೆ ಇನ್ನೂ ನೆಟ್ಟಗಿದೆಯೋ ನನಗಂತೂ ತಿಳಿಯದು.

ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಮುಂದಿನ ಕೋಣೆಯಲ್ಲಿ ಕಂಪ್ಯೂಟರು, ಕಾಕಾ ಮತ್ತು ನಾನು. ಹಿಂದಿನ ಕೋಣೆಯಲ್ಲಿ ಚಿಗವ್ವನ ಸಂಸಾರ. ಸೊಸೈಟಿಯವರು ತಮ್ಮ ಸದಸ್ಯರಿಗೆಲ್ಲ ಸಭೆಯ ನೋಟಿಸು ಕಳಿಸಬೇಕು, ಬೀಜದ ಕಂಪನಿಯವರು ರೈತರಿಗೆ ಪುಸ್ತಿಕೆ ಕಳಿಸಬೇಕು ಅನ್ನಿ. ಅವರು ತಮ್ಮ ಹೆಸರು-ವಿಳಾಸಗಳ ರಾಶಿಯನ್ನು ನಮಗೆ ಒಪ್ಪಿಸುತ್ತಾರೆ. ಎರಡೆರಡು ಸಲ ಬಂದ ಹೆಸರು ತೆಗೆದು, ಪಿನ್‌ಕೋಡು ತಿದ್ದಿ, ಊರುವಾರು ಜೋಡಿಸಿ, ಪಟ್ಟಿಯನ್ನು ಹುಬ್ಬಳ್ಳಿಯ ಒಂದು ಕೇಂದ್ರಕ್ಕೆ ಕಂಪ್ಯೂಟರಿನಲ್ಲೇ ಕಳಿಸುವುದು ನಮ್ಮ ಕೆಲಸ. ಅಲ್ಲಿ ಚೀಟಿ ಮುದ್ರಿಸಿ, ಅಂಟಿಸಿ, ಕಟ್ಟು ಕಟ್ಟಿ ಅಂಚೆಗೆ ಹಾಕುತ್ತಾರೆ. ಹುಬ್ಬಳ್ಳಿಯಲ್ಲಿ ಅದಕ್ಕೆಲ್ಲ ಯಂತ್ರಗಳಿವೆ. ನಮ್ಮಲ್ಲಿ ಕಾಕಾ ಇದ್ದಾನೆ.

ಇದಕ್ಕೂ ಮೊದಲು ಅವನು ಗದುಗಿನ ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುತ್ತಿದ್ದ. ಯಾವ ಗಂಡಸು ಯಾರಿಗಾಗಿ ಎಂಥ ಸೀರೆ ಒಯ್ದ ಎಂಬ ಸಂಗತಿ ಅವನ ಬಾಯಿಂದ ಎಂದೂ ಹೊರಬಿದ್ದಿಲ್ಲ. ಬಿದ್ದಿದ್ದರೆ ಗದುಗಿನ ಎಷ್ಟು ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲವೋ! ಆ ಗುಣವನ್ನೇ ಅವನು ನಮ್ಮ ಕೆಲಸಕ್ಕೂ ತಂದ. ಮೊದಲ ದಿನವೇ ಅಣ್ಣನ ಮಗಳಾದ ನನ್ನನ್ನು ಕೂರಿಸಿಕೊಂಡು ಹೇಳಿದ್ದ.

"ವಿಳಾಸ ಅಂದ್ರ ಏನಂತ ತಿಳದೀ, ತಂಗಿ? ಮಂದಿ ಮನಿ ಬಾಗಲಾ ಅದು. ಅವರು ಸೊಸೈಟಿಗೆ ತೋರಿಸ್ಯಾರ. ಊರಿಗೆ ತೋರಿಸಿಲ್ಲ."

ಮಾತೇನೋ ಚಂದ. ಆದರೆ ಆ ಬಾಗಿಲು ಕಾಯುವ ರೀತಿ ಇದೆಯಲ್ಲ, ಅದು ನನ್ನ ತಲೆ ತಿನ್ನುತ್ತಿತ್ತು. ಅಂಗಡಿಯೊಳಗೆ ಯಾರಾದರೂ ಕಾಲಿಟ್ಟರೆ ಸಾಕು, ಹೆಗಲ ಮೇಲಿನ ಟುವಾಲು ತೆಗೆದು ಕಂಪ್ಯೂಟರಿನ ಪರದೆಯ ಮೇಲೆ ಒಗೆಯುತ್ತಿದ್ದ. ಚಹಾ ಕೊಡಲು ಚಿಗವ್ವ ಬಂದರೂ ಟುವಾಲು! ಒಮ್ಮೊಮ್ಮೆ ನಾನು ಟೈಪು ಮಾಡುತ್ತಿರುವಾಗಲೇ ಟುವಾಲು! ಆ ಟುವಾಲಿನಿಂದ ಅವನು ಬೆವರನ್ನೂ ಒರೆಸಿಕೊಳ್ಳುತ್ತಿದ್ದ ಎಂಬುದನ್ನು ಇಲ್ಲಿ ಹೇಳದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ.

ವಿಳಾಸ ತಪಾಸಣೆಯ ಕತೆ ಕೇಳಿ. ಲಕ್ಷ್ಮೇಶ್ವರದ ಒಬ್ಬ ಸದಸ್ಯರ ಪಿನ್‌ಕೋಡು ತಪ್ಪಿತ್ತು. ಕಾಕಾ ಫೋನು ಹಚ್ಚಿದ.

"ನಮಸ್ಕಾರ್ರಿ. ನಿಮ್ಮ ವಿಳಾಸ ಬರೋಬ್ಬರಿ ಐತೋ ಇಲ್ಲೋ ತಪಾಸ ಮಾಡಾಕ ಫೋನ್ ಮಾಡೀನಿ."

"ನಿಮ್ಮಲ್ಲಿ ಏನಂತ ಐತ್ರಿ?"

"ಅದನ್ನ ಹೇಳಾಕ ಬರಂಗಿಲ್ರಿ. ನೀವ ಹೇಳ್ರಿ, ನಾ ಹೌದು, ಅಲ್ಲ ಅಂತೀನಿ."

"ಯಾರಲೇ ನೀ? ಓಟಿಪಿ ಕೇಳಾಂವ ಏನು?"

"ಭೇಷ್! ಹಿಂಗ ಇರಬೇಕ್ರಿ ಮನಷ್ಯಾ! ಯಾರಿಗೂ ಹೇಳಬ್ಯಾಡ್ರಿ!"

ಕಾಕಾ ಬಹಳ ಸಂತೋಷದಿಂದ ಫೋನು ಇಟ್ಟ. ಪಿನ್‌ಕೋಡು ಮಾತ್ರ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗಿ, ಆ ಮನೆಯ ಬಾಗಿಲನ್ನು ಕಣ್ಣಾರೆ ನೋಡಿ, ಅಂಚೆಯವನನ್ನು ವಿಚಾರಿಸಿ ಬಂದ. ಸೊರಟೂರಿನ ಒಬ್ಬರ ವಿಳಾಸದಲ್ಲಿ 'ಬೇವಿನ ಗಿಡದ ಎದುರಿಗೆ' ಎಂದಿದ್ದುದಕ್ಕೂ ಹೀಗೇ ಹೋಗಿ, ಗಿಡ ಕಡಿದು ಬಹಳ ದಿನವಾಯಿತು ಎಂಬ ಸುದ್ದಿ ತಂದಿದ್ದ. ಒಂದು ಸಾಲು ತಿದ್ದಲು ಒಂದು ದಿನ! ಹೀಗಾದರೆ ಅಂಗಡಿ ನಡೆದ ಹಾಗೇ ಸೈ ಎಂದು ನಾನು ಗೊಣಗುತ್ತಿದ್ದೆ.

ಇನ್ನು ಬಜ್ಜಿಯ ಪ್ರಸಂಗ. ಒಂದು ಸಂಜೆ ಕಾಕಾ, ಚಿಗವ್ವ, ನಾನು ಗದಗ ಸ್ಟೇಷನ್ನಿನ ಹತ್ತಿರ ಮಿರ್ಚಿ ಬಜ್ಜಿ ತಿನ್ನಲು ನಿಂತಿದ್ದೆವು. ಚಿಗವ್ವ ಎರಡನೆಯ ಬಜ್ಜಿಗೆ ಕೈ ಹಾಕಿದಾಗ ಕಾಕಾ ಇನ್ನೂ ಮೊದಲನೆಯದನ್ನೇ ಮುಟ್ಟಿರಲಿಲ್ಲ. ಬಜ್ಜಿ ಕಟ್ಟಿದ ಕಾಗದ ಓದುತ್ತಿದ್ದ.

"ಏ ತಮ್ಮಾ, ಈ ಕಾಗದ ಎಲ್ಲಿಂದ ತಂದೀಪಾ?"

"ರದ್ದಿ ಅಂಗಡ್ಯಾಗ ತಗೊಂಡೇನ್ರಿ. ಯಾಕ, ಬಜ್ಜಿ ಚಲೋ ಆಗಿಲ್ಲೇನ್ರಿ?"

"ಬಜ್ಜಿ ಹಾಳಾಗಿ ಹೋಗ್ಲಿ! ಇದರಾಗ ಯಾರದೋ ಮಕ್ಕಳ ಹೆಸರು, ಮನಿ ನಂಬರ, ತಾಯಿ-ತಂದಿ ಫೋನ್ ನಂಬರ ಎಲ್ಲಾ ಅದಾವಲ್ಲೋ!"

ಯಾವುದೋ ಟ್ಯೂಶನ್ನಿನವರು ರದ್ದಿಗೆ ಹಾಕಿದ್ದ ಪಟ್ಟಿ ಅದು. ಅಲ್ಲಿಂದ ಮುಂದೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಕಾಕಾ ಗಾಡಿಯ ಸುತ್ತ ನಿಂತು ತಿನ್ನುತ್ತಿದ್ದವರ ಮುಂದೆಲ್ಲ ಕೈಯೊಡ್ಡುತ್ತ ಹೊರಟ. "ಬಜ್ಜಿ ಇಟ್ಗೋರಿ, ಕಾಗದ ಕೊಡ್ರಿ. ಬಜ್ಜಿ ನಿಮ್ಮದು, ಕಾಗದ ನಿಮ್ಮದಲ್ರಿ." ಕೆಲವರು ಇವನಿಗೆ ತಲೆ ಕೆಟ್ಟಿದೆ ಎಂದು ಗಾಬರಿಯಾಗಿ ಕೊಟ್ಟರು. ಒಬ್ಬ ಮಾತ್ರ ಹಸಿದ ಮುದುಕ ಎಂದು ತಿಳಿದು ಬಜ್ಜಿಯನ್ನೇ ಕೊಟ್ಟ! ಚಿಗವ್ವ ನಕ್ಕ ರಭಸಕ್ಕೆ ಆ ದಿನ ಗುದ್ದು ತಿಂದದ್ದು ನನ್ನ ಬೆನ್ನು. ಗಾಡಿಯವನ ಹತ್ತಿರವಿದ್ದ ಕಾಗದವನ್ನೆಲ್ಲ ಕಾಕಾ ಕೊಂಡು ತಂದು ಬಚ್ಚಲ ಒಲೆಗೆ ಹಾಕಿದ. ಎಣ್ಣೆ ಕುಡಿದ ಕಾಗದ ನೋಡಿ, ಮರುದಿನ ಸ್ನಾನದ ನೀರು ಬಹಳ ಜಲ್ದಿ ಕಾಯ್ದಿತ್ತು.

ಈಗ ಎರಡು ಕೀಲಿಯ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿಯ ಕೇಂದ್ರದವರು ನಮಗೊಂದು ಖಾತೆ ಮಾಡಿಕೊಟ್ಟಿದ್ದಾರೆ. ಪಾಸ್‌ವರ್ಡ್ ಹಾಕಿ ಅದರೊಳಗೆ ಹೋಗಿ, ಪಟ್ಟಿಯನ್ನು ಅಲ್ಲಿಟ್ಟು ಬರಬೇಕು. ಒಂದು ನಿಮಿಷದ ಕೆಲಸ. ಕಾಕಾನಿಗೆ ಅದು ಒಪ್ಪಿಗೆಯಾಗಲಿಲ್ಲ.

ನಮ್ಮ ಓಣಿಯ ಹಿರಿಯರದೊಂದು ಹಳೆಯ ಪೆಟ್ಟಿಗೆಯಿದೆ. ಗುಡಿಯ ಬೆಳ್ಳಿ ಸಾಮಾನು, ದೀಪ, ಗಂಟೆ ಅದರಲ್ಲಿರುತ್ತವೆ. ಅದಕ್ಕೆ ಎರಡು ಕೀಲಿ, ಅಂದರೆ ಬೀಗ. ಒಂದರ ಕೀಲಿಕೈ ಒಂದು ಮನೆಯಲ್ಲಿ, ಇನ್ನೊಂದರದು ಬೇರೆ ಮನೆಯಲ್ಲಿ. ಎರಡೂ ಮನೆಯವರು ಬಂದು ನಿಂತರೇನೇ ಪೆಟ್ಟಿಗೆ ತೆರೆಯುವುದು. ಅವರಿಬ್ಬರ ನಡುವೆ ಮಾತುಕತೆ ನಿಂತಿದ್ದರೂ ಹಬ್ಬದ ದಿನ ಬಂದು ಅಕ್ಕಪಕ್ಕ ನಿಲ್ಲಲೇಬೇಕು. ಕಾಕಾ ಅದೇ ಪದ್ಧತಿಯನ್ನು ಕಂಪ್ಯೂಟರಿಗೂ ತಂದ. ಪಾಸ್‌ವರ್ಡಿನ ಅರ್ಧ ತನ್ನದು, ಅರ್ಧ ಚಿಗವ್ವನದು!

"ಒಬ್ಬನ ಕೈಯಾಗ ಕೀಲಿಕೈ ಇದ್ರ ಅದು ಪೆಟಿಗಿ ಅಲ್ಲ, ಅವನ ಕಿಸೆ," ಎಂದ.

"ಹಂಗಾದ್ರ ಇನ್ನರ್ಧ ನನಗ ಕೊಡು ಕಾಕಾ. ದಿನಾ ಕಂಪ್ಯೂಟರ್ ಮುಂದ ಕುಂಡ್ರಾಕಿ ನಾನು."

"ಅದಕ್ಕ ಕೊಡಂಗಿಲ್ಲ. ಕಳ್ಳ ಬಂದ್ರ ಮೊದಲ ಹಿಡಿಯೋದು ಕಂಪ್ಯೂಟರ್ ಮುಂದ ಕುಂತಾಕೀನ!"

ಪಟ್ಟಿ ಕಳಿಸುವ ದಿನ ನಮ್ಮಲ್ಲಿ ಒಂದು ದೊಡ್ಡ ಸಮಾರಂಭವೇ ನಡೆಯುತ್ತಿತ್ತು. ಮೊದಲು ಕಾಕಾ ಒಂದೇ ಬೆರಳಿನಿಂದ ತನ್ನ ಅರ್ಧ ಒತ್ತುವನು. ನಾವೆಲ್ಲ ಆಗ ಗೋಡೆಯ ಕಡೆ ಮುಖ ಮಾಡಿ ಕ್ಯಾಲೆಂಡರ್ ನೋಡಬೇಕು. ಆಮೇಲೆ ಅವನು ಗೋಡೆಗೆ ಮುಖ ಮಾಡುವನು. ಚಿಗವ್ವ ರೊಟ್ಟಿ ಬಡಿಯುವುದು ಬಿಟ್ಟು ಬಂದು ತನ್ನ ಅರ್ಧ ಒತ್ತುವಳು. ಗುಟ್ಟು ಅಂದರೆ ಗುಟ್ಟು!

ಆದರೆ ಕಾಕಾ ಒಂದೊಂದು ಅಕ್ಷರ ಒತ್ತುವಾಗಲೂ ಅದನ್ನು ಬಾಯಲ್ಲಿ ಅನ್ನುತ್ತಾನೆ ಎಂಬುದು ಅವನೊಬ್ಬನಿಗೇ ಗೊತ್ತಿರಲಿಲ್ಲ. ಚಹಾಕ್ಕೆ ಹಾಲು ಹಾಕಲು ಬರುವವನಿಗೂ ಅವನ ಅರ್ಧ ಬಾಯಿಪಾಠವಾಗಿತ್ತು. ಇನ್ನು ಚಿಗವ್ವ ಎದ್ದು ಹೋದ ಮೇಲೆ ನೋಡಿದರೆ ಅವಳು ಒತ್ತಿದ ಕೀಲಿಗಳ ಮೇಲೆಲ್ಲ ಜೋಳದ ಹಿಟ್ಟು! ಮೊದಲು ಒತ್ತಿದ್ದಕ್ಕೆ ಬಹಳ, ಕೊನೆಗೆ ಒತ್ತಿದ್ದಕ್ಕೆ ಸ್ವಲ್ಪ. ಇದಕ್ಕಿಂತ ಸ್ಪಷ್ಟವಾಗಿ ಬರೆದಿಡಲು ಯಾರಿಂದ ಸಾಧ್ಯ? ನಾನು ಸುಮ್ಮನೆ ಕೀಬೋರ್ಡು ಒರೆಸಿಡುತ್ತಿದ್ದೆ. ಆ ಅಕ್ಷರಗಳು ಯಾವುವು ಅಂತೀರಾ? ಇಲ್ಲಿ ಬರೆಯುವುದಿಲ್ಲ. ನಾಳೆ ಕಾಕಾ ಇದನ್ನು ಓದಿದರೆ ನನ್ನ ಗತಿಯೇನು!

ಇಷ್ಟೆಲ್ಲ ನಗೆಯಾಟದಂತೆ ನಡೆದಿತ್ತು, ಈ ವರ್ಷದ ಸೊಸೈಟಿಯ ಸಭೆ ಬರುವವರೆಗೆ.

ನಮ್ಮ ಕೈಯಲ್ಲಿರುವ ಕೆಲಸದಲ್ಲೆಲ್ಲ ಆ ಸೊಸೈಟಿಯದೇ ದೊಡ್ಡದು. ಅದರ ಪಟ್ಟಿ ತಿದ್ದುತ್ತ ಕೂತ ದಿನ ನೋಡಿದರೆ, ಕಳಿಸಲು ಮರುದಿನ ಸಂಜೆ ಐದರವರೆಗೆ ಮಾತ್ರ ಅವಕಾಶವಿತ್ತು. ನೋಟಿಸು ವೇಳೆಗೆ ಹೋಗದಿದ್ದರೆ ಸಭೆ ನಡೆಸುವಂತಿಲ್ಲ. ಸಭೆ ನಿಂತರೆ ನಮಗೆ ಆ ಕೆಲಸವೂ ಇಲ್ಲ, ಬಹುಶಃ ಅಂಗಡಿಯೂ ಇಲ್ಲ. ನಾನು ಕೊನೆಯ ಹೆಸರುಗಳನ್ನು ನೋಡುತ್ತಿದ್ದೆ. ಚಿಗವ್ವ ಚಹಾ ತಂದಳು. ಕಾಕಾ ಪರದೆಯ ಮೇಲೆ ಟುವಾಲು ಒಗೆದ. ಆದರೆ ಈ ಸಲ ಒಂದು ಗಳಿಗೆ ತಡವಾಯಿತು.

"ಅದನ್ನ ತಗೀರಿ," ಎಂದಳು ಚಿಗವ್ವ. "ಟುವಾಲ್ ತಗೀರಿ. ಆಕಿ ನನ್ನ ಗೆಳತಿ."

ಒಬ್ಬ ಹೆಣ್ಣುಮಗಳ ಹೆಸರಿನ ಮುಂದೆ 'ಲಕ್ಷ್ಮೇಶ್ವರದ ಬಳೆಗಾರರ ಮಗಳು' ಎಂದು ಬರೆಸಿದ್ದು ನನಗೂ ಕಂಡಿತ್ತು. ಎಲ್ಲ ಹೆಂಗಸರೂ ಗಂಡನ ಹೆಸರು ಬರೆಸಿದ ಪಟ್ಟಿಯಲ್ಲಿ ಇದೊಂದು ಬೇರೆಯಾಗಿತ್ತು. ವಿಳಾಸಕ್ಕೆ ಬೇಡದ ಮಾತು ಎಂದು ತೆಗೆಯುವುದರಲ್ಲಿದ್ದೆ. ಚಿಗವ್ವ ಕಂಡದ್ದು ಹೆಸರು ಮತ್ತು ಆ ಮಾತು ಎರಡನ್ನೇ. ಊರು ಟುವಾಲಿನ ಕೆಳಗೆ ಹೋಗಿತ್ತು.

"ಸಾಲ್ಯಾಗ ಏಳನೇತ್ತೆ ತನಕ ಬಾಜೂ ಬಾಜೂ ಕುಂತೀವಿ ನಾವು," ಎಂದಳು. "ಈದಿಗೆ ಅವರ ಮನ್ಯಾಗ ಸುರಕುಂಬಾ, ಉಗಾದಿಗೆ ನಮ್ಮ ಮನ್ಯಾಗ ಹೋಳಗಿ. ನನ್ನ ಲಗ್ನದಾಗ ಬಳಿ ಇಡಿಸಿದಾಕಿ ಆಕೀನ. ಆಕೀ ಲಗ್ನ ಎಲ್ಲಾತು, ಯಾವೂರಿಗೆ ಹೋದ್ಲು, ನನಗ ಗೊತ್ತಾಗಲಿಲ್ಲ. ಅವರಪ್ಪ ತೀರಿಕೊಂಡ, ಅಂಗಡಿ ಮುಚ್ಚಿತು. ಕೇಳಬೇಕಂದ್ರ ಯಾರನ್ನ ಕೇಳ್ಲಿ? ಊರು ಯಾವುದು ಹೇಳ್ರಿ. ಊರ ಹೆಸರು ಅಷ್ಟ ಸಾಕು."

ಕಾಕಾ ಟುವಾಲಿನ ಮೇಲಿಟ್ಟ ಕೈ ತೆಗೆಯಲಿಲ್ಲ.

"ಹೇಳಾಕ ಬರಂಗಿಲ್ಲ. ಅದು ಸೊಸೈಟಿದು, ನಂದಲ್ಲ. ಇವತ್ತ ನಿನಗ ಹೇಳಿದ್ರ ನಾಳೆ ಇನ್ನೊಬ್ಬರಿಗೆ ಯಾವ ಬಾಯಿಲೆ ಇಲ್ಲ ಅನ್ಲಿ?"

"ನಾ ಇನ್ನೊಬ್ಬಾಕಿ ಏನ್ರಿ ನಿಮಗ?"

ಕಾಕಾ ಟುವಾಲಿನ ಅಂಚು ಸರಿಮಾಡಿದ. ಚಿಗವ್ವ ಚಹಾದ ತಟ್ಟೆಯನ್ನು ಸದ್ದಾಗುವಂತೆ ಇಟ್ಟು, "ಆತು. ಹಂಗಾದ್ರ ನನ್ನ ಅರ್ಧಾನೂ ನಂದು. ನಾನೂ ಕೊಡಂಗಿಲ್ಲ," ಎಂದು ಒಳಗೆ ಹೋದಳು. ಅವಳು ಸಿಟ್ಟಾಗಿದ್ದನ್ನು ಹಿಂದೆಯೂ ಕಂಡಿದ್ದೆ. ಅಳುತ್ತಾ ರೊಟ್ಟಿ ಬಡಿದದ್ದನ್ನು ಅವತ್ತೇ ಕಂಡದ್ದು.

ನನಗೆ ಕಾಕಾನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಎಂಥ ಕಲ್ಲುಮನಸ್ಸಿನ ಮನುಷ್ಯ! ಒಂದು ಊರಿನ ಹೆಸರು ಹೇಳಿದರೆ ಇವನ ಗಂಟೇನು ಹೋಗುತ್ತಿತ್ತು? ಅವನು ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಟೋಪಿ ಹಾಕಿಕೊಂಡು ಹೊರಟು ನಿಂತಿದ್ದ.

"ಎಲ್ಲಿಗೆ ಹೊಂಟೀ ಕಾಕಾ? ಇವತ್ತ ಐದರೊಳಗ ಪಟ್ಟಿ ಹೋಗಬೇಕು!"

"ಒಂದು ಪಿನ್‌ಕೋಡಿಂದು ಸಂಶೆ ಐತಿ. ತಪಾಸ ಮಾಡಿ ಬರತೀನಿ."

"ಯಾವ ಊರಿಂದು?"

"ಅದನ್ನ ಹೇಳಾಕ ಬರಂಗಿಲ್ಲ."

ಮಧ್ಯಾಹ್ನವಾಯಿತು. ಸೊಸೈಟಿಯ ಸೆಕ್ರೆಟರಿ ಫೋನಿನ ಮೇಲೆ ಫೋನು ಮಾಡತೊಡಗಿದರು. "ಏನವಾ, ಪಟ್ಟಿ ಹೋತೋ ಇಲ್ಲೋ? ಆಗೂದಿಲ್ಲಂದ್ರ ವಾಟ್ಸಪ್ಪಿನ್ಯಾಗ ಒಗಿ, ನಾವ ಬ್ಯಾರೇದವರ ಕಡೆ ಮಾಡಸ್ತೀವಿ." ಕಾಕಾನ ಫೋನು ಎಂದಿನಂತೆ ಅಂಗಡಿಯಲ್ಲೇ ಮೇಜಿನ ಮೇಲಿತ್ತು. ನನಗೆ ಎರಡೂ ಅರ್ಧ ಗೊತ್ತಿದ್ದವು. ಒತ್ತಿದರೆ ಮುಗಿಯಿತು. ಕೈ ಕೀಬೋರ್ಡಿನ ತನಕ ಹೋಯಿತು ಕೂಡ. ಯಾಕೋ ಓಣಿಯ ಆ ಪೆಟ್ಟಿಗೆ ನೆನಪಾಯಿತು. ಒಂದು ಮೊಳೆ ಬಡಿದರೆ ತೆರೆಯುವಂಥ ಹಳೆಯ ಕೀಲಿಗಳು ಅವು. ಓಣಿಯ ಎಲ್ಲರಿಗೂ ಅದು ಗೊತ್ತು. ಆದರೂ ಇಷ್ಟು ವರ್ಷ ಯಾರೂ ಬಡಿದಿಲ್ಲ. ನಾನೂ ಕೈ ಹಿಂದೆ ತೆಗೆದುಕೊಂಡೆ.

ನಾಲ್ಕು ದಾಟಿದ ಮೇಲೆ ಚಿಗವ್ವನ ಸಿಟ್ಟು ಇಳಿದು ಕಾಳಜಿ ಹತ್ತಿತು. ಹೊಸ್ತಿಲಲ್ಲಿ ಬಂದು ನಿಂತು, "ಉಪಾಸ ಹೋಗ್ಯಾರಲ್ಲೇ. ನಿನ್ನೆಯಿಂದ ಏನೂ ತಿಂದಿಲ್ಲ," ಎಂದು ರಸ್ತೆ ನೋಡತೊಡಗಿದಳು. ಆಗ ಕಾಕಾ ಆಟೋದಿಂದ ಇಳಿದ. ಹಿಂದೆಯೇ ಬುರ್ಖಾ ತೊಟ್ಟ, ಕೈಯಲ್ಲಿ ಹಸಿರು ಚೀಲ ಹಿಡಿದ ಹೆಂಗಸೊಬ್ಬರು ಇಳಿದರು.

ಚಿಗವ್ವ ಹೊಸ್ತಿಲು ದಾಟಲಿಲ್ಲ. ಅಲ್ಲಾಡಲೂ ಇಲ್ಲ.

"ನಾ ಏನೂ ಕೊಟ್ಟಿಲ್ಲ," ಎಂದ ಕಾಕಾ, ಯಾರೋ ತಪ್ಪು ಹೊರಿಸಿದರೇನೋ ಎಂಬ ಹಾಗೆ. "ಇವರ ವಿಳಾಸ ಇವರನ್ನ ಕೇಳ್ಕೋ."

"ಮುಂಡರಗಿ ನೋಡ," ಎಂದರು ಆ ಹೆಂಗಸು. "ಇಷ್ಟ ಹತ್ರ ಇದ್ದೀಯಲ್ಲೇ, ಹುಚ್ಚಿ!"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದನ್ನು ನಾನು ವರ್ಣಿಸಲಾರೆ. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವರೇ ನಡೆದದ್ದನ್ನು ಹೇಳಿದರು. "ಯಾ ಅಲ್ಲಾ, ಎಂಥಾ ಮನಷ್ಯಾ ನಿನ್ನ ಗಂಡ! ಬಾಗಲಾ ಬಡದು, 'ಒಬ್ರು ನಿಮ್ಮ ವಿಳಾಸ ಕೇಳ್ಯಾರ, ಕೊಡ್ಲೇನ್ರಿ?' ಅಂದ್ರು. ಯಾರಂತ ಕೇಳಿದ್ರ, 'ಅದನ್ನ ಹೇಳಾಕ ಬರಂಗಿಲ್ರಿ' ಅಂದ್ರು! ನನ್ನ ಮಗ ಹೊರಗ ಹಾಕತಿದ್ದ. ಆದ್ರ ಕಳ್ಳ ಆಗಿದ್ರ ಇಷ್ಟು ದಡ್ಡತನ ಮಾಡತಿರಲಿಲ್ಲ ಅನಿಸ್ತು ನನಗ. ಹೆಣ್ಣೋ ಗಂಡೋ ಅಂದ್ರ ಅದನ್ನೂ ಹೇಳಲಿಲ್ಲ. ಕಡೀಕ ಏನೋ ತಿಳದು ನಾನ ಕೇಳಿದೆ, 'ಆಕಿ ನಕ್ಕಾಗ ಬಾಜೂದವರ ಬೆನ್ನಿಗೆ ಗುದ್ದತಾಳೇನ್ರಿ?' ಅಂತ."

"ಏನಂದ್ರು?" ಎಂದಳು ಚಿಗವ್ವ.

"ಏನೂ ಅನ್ನಲಿಲ್ಲ. ಆದ್ರ ಅವರ ಕೈ ತಾನ ಹಿಂದ ಹೋಗಿ ಬೆನ್ನು ತಿಕ್ಕಿಕೊಂಡ್ತು!"

ದಾರಿಯುದ್ದಕ್ಕೂ ಕಾಕಾ ಬಸ್ಸಿನ ಬೇರೆ ಸೀಟಿನಲ್ಲಿ, ಗುರುತೇ ಇಲ್ಲದವನಂತೆ ಕೂತು ಬಂದನಂತೆ. "ಅವರದೂ ಮುಂಡರಗಿಯಿಂದ ಏನ್ರಿ?" ಎಂದು ಕಂಡಕ್ಟರು ಕೇಳಿದರೆ, "ಅದನ್ನ ಅವರನ್ನ ಕೇಳಪಾ" ಎಂದನಂತೆ.

"ಐದಾಗಾಕ ಬಂತು!" ಎಂದು ನಾನು ಕೂಗಿದೆ.

ಕಾಕಾ ಓಡಿ ಬಂದು ತನ್ನ ಅರ್ಧ ಒತ್ತಿದ, ಬಾಯಲ್ಲಿ ಅನ್ನುತ್ತಲೇ. ಗೋಡೆಗೆ ಮುಖ ಮಾಡಿ ನಿಂತ. ಚಿಗವ್ವ ಕೂತಳು. ಕಣ್ಣಿನ ತುಂಬ ನೀರು, ಕೀಲಿಗಳು ಕಾಣಬೇಕಲ್ಲ? ತಪ್ಪು ಎಂದಿತು ಕಂಪ್ಯೂಟರು. ಇನ್ನೊಮ್ಮೆ ಕಾಕಾ, ಇನ್ನೊಮ್ಮೆ ಚಿಗವ್ವ. ಮತ್ತೆ ತಪ್ಪು. ಮೂರನೆಯ ಸಲ ತಪ್ಪಿದರೆ ನಾಳೆಯವರೆಗೆ ಖಾತೆ ಬಂದ್ ಆಗುತ್ತದೆ. ಕಾಕಾ ಮತ್ತೆ ತನ್ನದನ್ನು ಒತ್ತಿ ಗೋಡೆಗೆ ತಿರುಗಿದ. ಚಿಗವ್ವನ ಬೆರಳು ಕೀಲಿಗಳ ಮೇಲೆ ಅಲೆದಾಡಿ ನಿಂತಿತು.

"ನನಗ ನೆಪ್ಪ ಆಗವಲ್ದು, ತಂಗಿ," ಎಂದಳು ನನ್ನ ಕಡೆ ನೋಡಿ.

ನಾನು ಬಾಯಿ ತೆರೆಯುವ ಮೊದಲೇ ಗೋಡೆಯ ಕಡೆಯಿಂದ ಧ್ವನಿ ಬಂತು. ಕಾಕಾ ಕ್ಯಾಲೆಂಡರ್ ನೋಡುತ್ತಲೇ ಚಿಗವ್ವನ ಅರ್ಧವನ್ನು ಒಂದೊಂದೇ ಅಕ್ಷರವಾಗಿ, ನಿಧಾನವಾಗಿ ಹೇಳುತ್ತಿದ್ದ. ಚಿಗವ್ವ ಅವನು ಹೇಳಿದ ಹಾಗೆ ಒತ್ತುತ್ತ ಹೋದಳು. ಖಾತೆ ತೆರೆಯಿತು. ನಾನು ಪಟ್ಟಿ ಏರಿಸಿದೆ. ಹುಬ್ಬಳ್ಳಿಯಿಂದ ಮುಟ್ಟಿತು ಎಂಬ ಸಂದೇಶವೂ ಬಂತು.

"ನಿಮಗ ಗೊತ್ತಿತ್ತೇನ್ರಿ?" ಎಂದಳು ಚಿಗವ್ವ.

"ಹಿಟ್ಟು," ಎಂದ ಕಾಕಾ. "ಮೊದಲನೇ ದಿವಸನ ಕಂಡಿತ್ತು."

"ಹಂಗಾದ್ರ ನಿನ್ನೇನ ನೀವ ಒತ್ತಿ ಕಳಿಸಬಹುದಿತ್ತಲ್ರಿ. ಇಂಥಾ ಬಿಸಲಾಗ, ಉಪಾಸ, ಅಲ್ಲಿತನಕ ಯಾಕ ಹೋದ್ರಿ?"

"ನನಗ ಗೊತ್ತಿದ್ರ ಅದು ನಂದಾಗತೈತೇನು? ನಿನ್ನ ಕೀಲಿಕೈ ನಿಂದು. ನೀ ಬಂದ್ರ ತೆಗೀಬೇಕು, ಬರದಿದ್ರ ಇಲ್ಲ."

ಅವನಿನ್ನೂ ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದ. ತಿರುಗಬಹುದು ಎಂದು ಯಾರೂ ಹೇಳಿರಲಿಲ್ಲ. ಚಿಗವ್ವ ಎದ್ದು ಹೋಗಿ ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಈ ಸಲ ಅವಳು ನಗುತ್ತಿರಲಿಲ್ಲ. ಗುದ್ದಿದ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.